ಎಷ್ಟನೇ ತಿಂಗಳು

ಆರು ವರ್ಷ ಕೇಳಿದ್ದಾರೆ ನನ್ನನ್ನು,
ಗಾಜನೂರಲ್ಲಿ ಹತ್ತಿದವರು, ಮಂಡಗದ್ದೆಯಲ್ಲಿ ಇಳಿಯುವವರು,
'ಎಷ್ಟನೇ ತಿಂಗಳಮ್ಮ?'
ಶೂನ್ಯ ಟಿಕೆಟ್ ಹರಿದು ಕೊಡುತ್ತ
ಒಮ್ಮೆ ಐದು ಅಂದೆ, ಒಮ್ಮೆ ಏಳು.
ತೂದೂರಿನ ಅಜ್ಜಿಯೊಬ್ಬಳು ಎದ್ದು ನಿಂತು
ಕಂಡಕ್ಟರಿಗೇ ಸೀಟು ಬಿಟ್ಟಳು.
ಕೂತೆ. ಏನು ಮಾಡಲಿ,
ಕಾಲೂ ನೋಯುತ್ತಿತ್ತು.

ಅವಳಿ. ಒಬ್ಬೊಬ್ಬನೂ ಎರಡೂಮುಕ್ಕಾಲು ಕೇಜಿ.
ಅವರು ಹೊರಬಿದ್ದು ಶಾಲೆಗೆ ಹೋದ ಮೇಲೂ
ಹೊಟ್ಟೆ ಮಾತ್ರ ಅವರನ್ನು ಕಾಯುತ್ತಲೇ ಇತ್ತು.

ದುರ್ಗಿಗುಡಿಯ ಮಹಡಿ ಮೇಲಿನ ಡಾಕ್ಟರು
ಮಲಗಿಸಿ, ತಲೆ ಎತ್ತಮ್ಮ ಅಂತ
ನಡುವೆ ಬೆರಳಿಟ್ಟು ಅಳೆದರು. ನಾಲ್ಕು ಬೆರಳು.
'ಸ್ನಾಯು ಎರಡು ಪಾಲಾಗಿದೆ, ವ್ಯಾಯಾಮಕ್ಕೆ ಕೂಡುವುದಿಲ್ಲ.
ಇದು ತೂಕ ಇಳಿಸುವ ಆಪರೇಷನ್ ಅಲ್ಲ, ಗೊತ್ತಲ್ಲ?
ಇನ್ನು ಮಕ್ಕಳು ಬೇಡ ತಾನೇ?'
ಗೊತ್ತು. ಬೇಡ.
ಡಿಪೋದ ಹಳೇ ಗಾಡಿಯ ಮಡಚು ಬಾಗಿಲು ನೋಡಿದ್ದೇನೆ,
ಎರಡು ರೆಕ್ಕೆ ಸೇರುವುದಿಲ್ಲ, ಹಗ್ಗ ಬಿಗಿದು ಓಡಿಸುವುದು.
ನಾನೂ ಹಾಗೇ ಓಡಿಸಿದ್ದೆ.

ಸೊಸೈಟಿಯಲ್ಲಿ ಸಾಲ. ರಜೆ ಅರ್ಜಿಯಲ್ಲಿ 'ಹರ್ನಿಯಾ'.
ಪೂರ್ತಿ ಸುಳ್ಳಲ್ಲ, ಹೊಕ್ಕುಳಲ್ಲಿ ಗೋಲಿಯಷ್ಟು ಇತ್ತು,
ಅದರ ಸೆರಗು ಹಿಡಿದು ಮಿಕ್ಕಿದ್ದೆಲ್ಲ ಒಳಗೆ ನುಗ್ಗಿತು.
'ಚೆಂದಕ್ಕೆ ಯಾರಾದ್ರೂ ಕೊಯ್ಸಿಕೊಳ್ತಾರಾ?'
ನಾದಿನಿ ವಿಶಾಲಾಕ್ಷಿ ಕೇಳಿದಳು.
ಚೆಂದಕ್ಕೇ ಅಂದಿದ್ದರೆ ಏನಾಗುತ್ತಿತ್ತು?
ಅನ್ನಲಿಲ್ಲ.

ಆ ಬೆಳಿಗ್ಗೆ ನಿಲ್ಲಿಸಿ, ನೇರಳೆ ಮಾರ್ಕರಿನಲ್ಲಿ
ಈ ಸೊಂಟದಿಂದ ಆ ಸೊಂಟಕ್ಕೆ ರೂಟು ಎಳೆದರು.
ಹೊಕ್ಕುಳ ಸುತ್ತ ಒಂದು ಸರ್ಕಲ್ಲು.

ಎಚ್ಚರಾದಾಗ ಮಂಡಿ ಕೆಳಗೆ ದಿಂಬು, ಹೊಟ್ಟೆಗೆ ಬಿಗಿ ಪಟ್ಟಿ,
ಎಡಕ್ಕೊಂದು ಬಲಕ್ಕೊಂದು ನಳಿಗೆ,
ತುದಿಯ ಬುರುಡೆಯಲ್ಲಿ ಕೋಕಮ್ ಬಣ್ಣದ ನೀರು.
ಸಿಸ್ಟರ್ ಗ್ಲಾಡಿಸ್ ಅಳೆದು ಬರೆದಳು: ಎಂಬತ್ತು, ಅರವತ್ತೈದು.
ನಾನೂ ಮಾತ್ರೆಯ ಚೀಟಿ ಹಿಂದೆ ಬರೆದುಕೊಂಡೆ.
ಸ್ಟೇಜು ಸ್ಟೇಜಿಗೂ ವೇಬಿಲ್ ತುಂಬಿದ ಕೈ, ಸುಮ್ಮನಿರದು.
ಐವತ್ತು. ನಲವತ್ತು. ನಲವತ್ತೆರಡು.
ಯಾಕೆ ಏರಿತು? ಬಿಂದಿಗೆ ಎತ್ತಿದೆನಾ?
ಮೂವತ್ತರ ಕೆಳಗಿಳಿದ ದಿನ ಎಳೆದು ತೆಗೆದರು.
ಒಳಗಿಂದ ಹಾವೊಂದು ಉದ್ದಕ್ಕೆ ಹೊರಟ ಹಾಗಾಯಿತು.

ಹತ್ತು ದಿನ ನೆಟ್ಟಗೆ ನಿಲ್ಲಬಾರದು.
ವಿನೋಬನಗರದ ಎರಡು ಕೋಣೆಯ ಮನೆಯಲ್ಲಿ
ಬಿದ್ದ ಐದರ ನಾಣ್ಯ ಹುಡುಕುವವಳ ಹಾಗೆ ಬಾಗಿ ನಡೆದೆ.
ಕೆಮ್ಮು ಬಂದರೆ ದಿಂಬು ಒತ್ತಿಕೋ ಅಂದಿದ್ದರು.
ನಗು ಬಂದರೆ?
ನೋಡಲು ಬಂದ ಡ್ರೈವರ್ ಇಸ್ಮಾಯಿಲಣ್ಣ
ನಾನು ಗೋಡೆ ಹಿಡಿದು ಬರುವುದು ಕಂಡು ಬಾಗಿಲಲ್ಲೇ
'ಹೋಲ್ಡಾನ್!' ಎಂದು ಕೂಗಿದ.
ದಿಂಬು ಕೈಗೆ ಸಿಗಲಿಲ್ಲ. ಅತ್ತುಕೊಂಡೇ ನಕ್ಕೆ.

ಮೂರನೇ ವಾರದ ಬಗ್ಗೆ ಮಾತ್ರ ಯಾರೂ ಹೇಳಿರಲಿಲ್ಲ.
ಸಂಜೆಗೆ ಊತ ಏರಿ
ಹಳೇ ಹೊಟ್ಟೆಯೇ ದಾರಿ ಕೇಳಿಕೊಂಡು ವಾಪಸು ಬಂದ ಹಾಗೆ.
ಬಚ್ಚಲಲ್ಲಿ ಕನ್ನಡಿಯಿಲ್ಲ, ಆದರೂ
ಮುಖ ತಿರುಗಿಸಿ ನೀರು ಹೊಯ್ದುಕೊಂಡೆ.
ಸಾಲದ ಕಂತು, ಸಾಲದ ಕಂತು, ನಲ್ಲಿ ತೊಟ್ಟಿಕ್ಕುತ್ತಿತ್ತು.

ಒಂದು ಕೇಜಿ ನಾನೂರು ಗ್ರಾಂ ತೆಗೆದರಂತೆ.
ಅದರ ಮೇಲಿತ್ತು ಹುಡುಗರ ಮೊದಲ ಗೀಚಾಟ,
ಬೆಳ್ಳನೆಯದು, ಒದ್ದು ಒದ್ದು ಬರೆದದ್ದು.
'ನಾವಿದ್ದ ಮನೆ ಎಲ್ಲಿ ಬಿಸಾಕಿದ್ರು?' ಸುಹಾನ್ ಕೇಳಿದ.
ಮನೆ ಒಳಗೇ ಇದೆ ಕಣೋ,
ಗೋಡೆಯ ಸುಣ್ಣ ಹೋಯ್ತು ಅಷ್ಟೇ, ಅಂದೆ.
ಅವನಿಗೆ ಅಷ್ಟು ಸಾಕಾಯಿತು.
ನನಗೆ ಆಗಲಿಲ್ಲ.

ಮೂರು ತಿಂಗಳಿಗೆ ಡ್ಯೂಟಿ.
ಚೀಲದ ಪಟ್ಟಿಗೆ ಎರಡು ತೂತು ಒಳಗೆ ಬಕಲ್ಲು.
ಸಕ್ರೆಬೈಲಿನಲ್ಲಿ ಒಬ್ಬಳು ಹತ್ತಿದಳು, ಸಡಿಲ ನೈಟಿ, ಮೇಲೊಂದು ಟವೆಲು,
ಹೊಟ್ಟೆ ಮುಂದೆ. ಬಾಯಿ ತುದಿಗೆ ಬಂತು ಆ ಪ್ರಶ್ನೆ.
ನುಂಗಿದೆ.
ಕಿಟಕಿ ಬದಿಯ ಹುಡುಗನನ್ನು ಎಬ್ಬಿಸಿ ಕೂರಿಸಿದೆ.
ಅವಳು ಏನೂ ಹೇಳಲಿಲ್ಲ, ಕೂತಳು.

ಚೀಲ ಹೊಕ್ಕುಳ ಕೆಳಗೆ ಒರಗಿದೆ.
ಅದರ ತೂಕ ಗೊತ್ತಾಗುತ್ತದೆ,
ಚಿಲ್ಲರೆಯ ತಣ್ಣಗೆ ಗೊತ್ತಾಗುವುದಿಲ್ಲ.
ವರ್ಷಕ್ಕೆ ಸ್ಪರ್ಶ ಬರಬಹುದು, ಬರದೆಯೂ ಇರಬಹುದು, ಅಂದಿದ್ದಾರೆ.
ತಿರುವಿನಲ್ಲಿ ಈಗಲೂ
ಕೈ ತಾನಾಗಿ ಹೊಟ್ಟೆಯ ಕೆಳಗೆ ಹೋಗುತ್ತದೆ,
ಏನನ್ನೋ ಎತ್ತಿ ಹಿಡಿಯಲು.